ತೂಕವಿಲ್ಲದ ಬೆಳಕು ತಳ್ಳುವುದು ಹೇಗೆ?

2024ರ ಅಕ್ಟೋಬರ್‌ನಲ್ಲಿ ಒಂದು ಸಂಜೆ ನಾವು ಹತ್ತು ಹನ್ನೆರಡು ಜನ ಮಲ್ಪೆ ಪಡುಕೆರೆಯಲ್ಲಿ ಧೂಮಕೇತು ನೋಡಲು ನಿಂತಿದ್ದೆವು. ಸೂರ್ಯ ಮುಳುಗಿ ಮುಕ್ಕಾಲು ಗಂಟೆ ಕಳೆದಿತ್ತು. ಮೋಡ ಸ್ವಲ್ಪ ಹೊತ್ತು ಸರಿಯಿತು. ತ್ಸುಚಿನ್‌ಶಾನ್-ಅಟ್ಲಾಸ್ ಧೂಮಕೇತು ಕಾಣಿಸಿತು. ತಲೆ ಕೆಳಗೆ ಸಮುದ್ರದ ಕಡೆ, ಬಾಲ ಮೇಲೆ ಆಕಾಶದ ಕಡೆ. ಗಾಳಿ ಇಲ್ಲದ ಕೋಣೆಯಲ್ಲಿ ಊದುಬತ್ತಿಯ ಹೊಗೆ ಏಳುತ್ತದಲ್ಲ, ಹಾಗೆ.

ನಮ್ಮ ಜೊತೆ ಬಂದಿದ್ದ ಪಿಯು ಹುಡುಗಿಯೊಬ್ಬಳು ಕೇಳಿದಳು. "ಇದು ಸೂರ್ಯನನ್ನು ಸುತ್ತಿ ಈಗ ವಾಪಸ್ ಹೋಗ್ತಾ ಇದೆ. ಹಾಗಾದ್ರೆ ಬಾಲ ಹಿಂದೆ ಇರಬೇಕಲ್ವಾ? ಮುಂದೆ ಯಾಕಿದೆ?"

ಧೂಮಕೇತುವಿನ ಬಾಲ ಅದರ ಓಟಕ್ಕೆ ಹಿಂದೆ ಬೀಳುವುದಿಲ್ಲ, ಸೂರ್ಯನಿಗೆ ಬೆನ್ನು ಹಾಕಿ ನಿಲ್ಲುತ್ತದೆ, ಸೂರ್ಯನ ಬೆಳಕು ಆ ಧೂಳನ್ನು ಆಚೆಗೆ ತಳ್ಳುತ್ತದೆ ಎಂದೆ. ಅವಳು ಒಂದು ನಿಮಿಷ ಸುಮ್ಮನಿದ್ದಳು. ಆಮೇಲೆ ಎರಡನೇ ಪ್ರಶ್ನೆ ಬಂತು. "ಬೆಳಕಿನ ಕಣಕ್ಕೆ ದ್ರವ್ಯರಾಶಿ ಇಲ್ಲ ಅಂತ ಕಲ್ತಿದ್ದೇವೆ. ಎಫ್ ಈಕ್ವಲ್ ಟು ಎಂಎ, ಬಲ ಅಂದ್ರೆ ದ್ರವ್ಯರಾಶಿ ಇಂಟು ವೇಗೋತ್ಕರ್ಷ. ಎಂ ಸೊನ್ನೆ ಆದ್ರೆ ಎಫ್ ಕೂಡ ಸೊನ್ನೆ ತಾನೇ?"

ಈ ಲೇಖನ ಆ ಎರಡನೇ ಪ್ರಶ್ನೆಗೆ. ಅವತ್ತು ಮೋಡ ಮತ್ತೆ ಕವಿದು, ಎಲ್ಲರೂ ಬಸ್ಸಿಗೆ ಓಡುವ ಗಡಿಬಿಡಿಯಲ್ಲಿ ಅರ್ಧ ಉತ್ತರ ಕೊಟ್ಟು ಕಳಿಸಿದ್ದೆ. ಅದು ನನ್ನ ಮನಸ್ಸಿನಲ್ಲಿ ಹಾಗೇ ಉಳಿಯಿತು.

2025ರ ದ್ವಿತೀಯ ಪಿಯು ಫಲಿತಾಂಶದಲ್ಲಿ ಉಡುಪಿ ರಾಜ್ಯಕ್ಕೆ ಮೊದಲು, ದಕ್ಷಿಣ ಕನ್ನಡ ಎರಡನೆಯದು. ನಮ್ಮ ಮಕ್ಕಳು ಲೆಕ್ಕ ಬಿಡಿಸುವುದರಲ್ಲಿ ಯಾರಿಗೂ ಕಡಿಮೆ ಇಲ್ಲ. ಫೋಟಾನ್ ಅಂದರೆ ಬೆಳಕಿನ ಕಣ. ಅದರ ಸಂವೇಗ, ಅಂದರೆ ಚಲನೆಯ ಪರಿಮಾಣ, ಎಷ್ಟು ಎಂದು ಕೇಳಿದರೆ ಪ್ಲಾಂಕ್ ಸ್ಥಿರಾಂಕವನ್ನು ತರಂಗದೂರದಿಂದ ಭಾಗಿಸಿ ಅರ್ಧ ನಿಮಿಷದಲ್ಲಿ ಉತ್ತರ ಬರೆಯುತ್ತಾರೆ. ಆದರೆ ದ್ರವ್ಯರಾಶಿಯೇ ಇಲ್ಲದ್ದಕ್ಕೆ ಸಂವೇಗ ಎಲ್ಲಿಂದ ಬಂತು ಎಂದು ತಡೆದು ಕೇಳುವವರು ಕಡಿಮೆ. ಕೇಳಿದವಳಿಗೆ ಪೂರ್ತಿ ಉತ್ತರ ಸಿಗಬೇಕು.

ಮೊದಲು ಎಫ್ ಈಕ್ವಲ್ ಟು ಎಂಎ ನೋಡೋಣ. ಆ ಸೂತ್ರದಲ್ಲಿರುವ ಎಂ ಯಾರದ್ದು? ತಳ್ಳುವವನದ್ದಲ್ಲ, ತಳ್ಳಿಸಿಕೊಳ್ಳುವವನದ್ದು. ಧೂಮಕೇತುವಿನ ವಿಷಯದಲ್ಲಿ ಅದು ಧೂಳಿನ ಕಣದ ದ್ರವ್ಯರಾಶಿ. ಧೂಳಿಗೆ ದ್ರವ್ಯರಾಶಿ ಖಂಡಿತ ಇದೆ. ಹಾಗಾಗಿ ಬೆಳಕಿನ ಸೊನ್ನೆಯನ್ನು ತಂದು ಆ ಜಾಗದಲ್ಲಿ ಇಡುವ ಹಾಗೇ ಇಲ್ಲ. ನ್ಯೂಟನ್ ಎರಡನೇ ನಿಯಮ ಹೇಳಿದ್ದು ಚಲನೆಯ ಪರಿಮಾಣದ ಬದಲಾವಣೆಯ ಬಗ್ಗೆ, ಅಂದರೆ ಸಂವೇಗದ ಬಗ್ಗೆ. ಒಂದರಿಂದ ಇನ್ನೊಂದಕ್ಕೆ ಸಂವೇಗ ದಾಟಿದರೆ ಅಲ್ಲಿ ಬಲ ಇದೆ. ಎಷ್ಟು ಬೇಗ ದಾಟುತ್ತದೋ ಅಷ್ಟು ಬಲ. ಹೀಗೆ ನೋಡಿದರೆ ಬೆಳಕಿಗೆ ದ್ರವ್ಯರಾಶಿ ಇದೆಯಾ ಎನ್ನುವುದು ಪ್ರಶ್ನೆಯೇ ಅಲ್ಲ. ಬೆಳಕಿನ ಹತ್ತಿರ ಕೊಡಲು ಸಂವೇಗ ಇದೆಯಾ ಎನ್ನುವುದು ಪ್ರಶ್ನೆ.

ಇಲ್ಲಿಯೇ ತೊಡಕು ಬರುವುದು. ಹೈಸ್ಕೂಲಿನಲ್ಲಿ ನಾವು ಸಂವೇಗ ಅಂದರೆ ದ್ರವ್ಯರಾಶಿ ಗುಣಿಸು ವೇಗ ಎಂದು ಬಾಯಿಪಾಠ ಮಾಡಿರುತ್ತೇವೆ. ಲಾರಿಗೆ, ಕ್ರಿಕೆಟ್ ಚೆಂಡಿಗೆ, ಮೀನಿನ ದೋಣಿಗೆ ಅದು ಸರಿ. ಬೆಳಕಿನ ವೇಗಕ್ಕೆ ಹೋಲಿಸಿದರೆ ತೀರಾ ನಿಧಾನ ಇರುವ ವಸ್ತುಗಳಿಗೆ ಸಾಕಾಗುವ ಲೆಕ್ಕ ಅದು. ಪ್ರಕೃತಿಯ ಪೂರ್ತಿ ಲೆಕ್ಕ ಬೇರೆ.

ಇ ಈಕ್ವಲ್ ಟು ಎಂಸಿ ಸ್ಕ್ವೇರ್ ಎಲ್ಲರಿಗೂ ಗೊತ್ತು. ಅದು ನಿಂತಿರುವ ವಸ್ತುವಿನ ಲೆಕ್ಕ. ಪೂರ್ತಿ ಸೂತ್ರವನ್ನು ಒಂದು ಲಂಬಕೋನ ತ್ರಿಭುಜ ಎಂದುಕೊಳ್ಳಿ. ಒಂದು ಬದಿ ದ್ರವ್ಯರಾಶಿಯದ್ದು. ಇನ್ನೊಂದು ಬದಿ ಸಂವೇಗದ್ದು. ಓರೆಯಾಗಿರುವ ಉದ್ದದ ಗೆರೆ ಒಟ್ಟು ಶಕ್ತಿಯದ್ದು. ಅಂಗಳದಲ್ಲಿ ಬಿದ್ದಿರುವ ಕಲ್ಲಿಗೆ ಸಂವೇಗದ ಬದಿ ಸೊನ್ನೆ, ಹಾಗಾಗಿ ಅದರ ಶಕ್ತಿ ಎಲ್ಲ ದ್ರವ್ಯರಾಶಿಯದ್ದೇ. ಬೆಳಕಿಗೆ ದ್ರವ್ಯರಾಶಿಯ ಬದಿ ಸೊನ್ನೆ, ಹಾಗಾಗಿ ಅದರ ಶಕ್ತಿ ಎಲ್ಲ ಸಂವೇಗದ್ದೇ. ತ್ರಿಭುಜದ ಒಂದು ಬದಿ ಕುಗ್ಗಿ ಸೊನ್ನೆಯಾದರೆ ಉಳಿದ ಎರಡು ಗೆರೆಗಳು ಒಂದರ ಮೇಲೊಂದು ಕೂರುತ್ತವೆ. ಅಷ್ಟೇ. ಬೆಳಕಿನ ಸಂವೇಗ ಅಂದರೆ ಅದರ ಶಕ್ತಿಯನ್ನು ಬೆಳಕಿನ ವೇಗದಿಂದ ಭಾಗಿಸಿದಷ್ಟು.

ನಮ್ಮ ಕರಾವಳಿಯ ಅರ್ಧ ಮನೆಗಳಿಗೆ ಅರ್ಥವಾಗುವ ಉದಾಹರಣೆ ಒಂದಿದೆ. ಅಣ್ಣ ದುಬೈಯಲ್ಲಿ ದುಡಿದು ಊರಿಗೆ ಹಣ ಕಳಿಸುತ್ತಾನೆ. ನೋಟಿನ ಕಟ್ಟು ವಿಮಾನದಲ್ಲಿ ಬರುವುದಿಲ್ಲ. ದಾರಿಯಲ್ಲಿ ತೂಗಲು ಏನೂ ಇಲ್ಲ. ಆದರೂ ಅಲ್ಲಿ ಅವನ ಖಾತೆಯಲ್ಲಿ ಇಳಿದದ್ದು ಇಲ್ಲಿ ಅಮ್ಮನ ಖಾತೆಯಲ್ಲಿ ಏರುತ್ತದೆ, ಮನೆಗೆ ಹೆಂಚು ಬೀಳುತ್ತದೆ. ಸಂವೇಗವೂ ಹಾಗೆ ಲೆಕ್ಕ ತಪ್ಪದ ಖಾತೆ. ಸೂರ್ಯನಲ್ಲಿ ಇಳಿದದ್ದು ಧೂಳಿನಲ್ಲಿ ಏರುತ್ತದೆ. ನಡುವೆ ಹೊತ್ತು ತರುವವನಿಗೆ ದ್ರವ್ಯರಾಶಿ ಇರಲೇಬೇಕು ಎಂಬ ನಿಯಮ ಇಲ್ಲ.

ಇಷ್ಟು ಲೆಕ್ಕದ ಮಾತು. ನಿಜವಾಗಿ ಅಲ್ಲಿ ಏನು ನಡೆಯುತ್ತದೆ? ಬೆಳಕು ಅಂದರೆ ವಿದ್ಯುತ್ ಕ್ಷೇತ್ರ ಮತ್ತು ಕಾಂತಕ್ಷೇತ್ರ ಒಟ್ಟಿಗೆ ಅಲೆಯಾಗಿ ಓಡುವುದು. ಅದು ಕನ್ನಡಿಗೆ ಬಿದ್ದಾಗ ವಿದ್ಯುತ್ ಕ್ಷೇತ್ರ ಕನ್ನಡಿಯ ಎಲೆಕ್ಟ್ರಾನುಗಳನ್ನು ಅಡ್ಡಡ್ಡಕ್ಕೆ ಅಲುಗಾಡಿಸುತ್ತದೆ. ಓಡಾಡುವ ಎಲೆಕ್ಟ್ರಾನ್ ಅಂದರೆ ಕರೆಂಟು. ಕರೆಂಟು ಹರಿಯುವ ಕಡೆ ಕಾಂತಕ್ಷೇತ್ರ ಇದ್ದರೆ ಅಲ್ಲಿ ಬಲ ಹುಟ್ಟುತ್ತದೆ. ನಮ್ಮ ಮನೆಯ ಫ್ಯಾನು ತಿರುಗುವುದು ಇದೇ ಕಾರಣಕ್ಕೆ. ಬೆಳಕಿನ ಕಾಂತಕ್ಷೇತ್ರ ಆ ಎಲೆಕ್ಟ್ರಾನುಗಳನ್ನು ಬೆಳಕು ಹೋಗುತ್ತಿದ್ದ ದಿಕ್ಕಿಗೇ ನೂಕುತ್ತದೆ. ಎಲೆಕ್ಟ್ರಾನುಗಳ ಜೊತೆ ಕನ್ನಡಿಯೂ ಹಿಂದೆ ಸರಿಯುತ್ತದೆ. ಇಷ್ಟರಲ್ಲಿ ಎಲ್ಲಿಯೂ ಬೆಳಕಿನ ದ್ರವ್ಯರಾಶಿ ಬೇಕಾಗಲಿಲ್ಲ, ನೋಡಿ. ಬೆಳಕನ್ನು ಹೀರುವ ಕಪ್ಪು ಮೈಗೆ ಒಂದು ಪಾಲು ತಳ್ಳು ಸಿಗುತ್ತದೆ. ವಾಪಸ್ ಕಳಿಸುವ ಕನ್ನಡಿಗೆ ಎರಡು ಪಾಲು, ಚೆಂಡು ಗೋಡೆಗೆ ಅಂಟಿಕೊಂಡರೆ ಒಂದು ಹೊಡೆತ, ಪುಟಿದು ಬಂದರೆ ಎರಡರಷ್ಟು ಎನ್ನುವ ಹಾಗೆ.

ಎಷ್ಟು ತಳ್ಳು? ಅಡಿಕೆ ಒಣಗಿಸುವ ಅಂಗಳವನ್ನೇ ತೆಗೆದುಕೊಳ್ಳೋಣ. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ. ನೆತ್ತಿಯ ಮೇಲೆ ಬಿಸಿಲು. ಒಂದು ಚದರ ಮೀಟರಿಗೆ ಸುಮಾರು 1,000 ವ್ಯಾಟ್ ಅಂತ ಇಟ್ಟುಕೊಂಡರೆ ಇಡೀ ಅಂಗಳಕ್ಕೆ 1 ಲಕ್ಷ ವ್ಯಾಟ್. ಪ್ರತಿ ಸೆಕೆಂಡಿಗೆ ಒಂದೊಂದು ಚದರ ಮೀಟರಿಗೂ ಸುಮಾರು 3 ಕೋಟಿ ಕೋಟಿ ಕೋಟಿ ಫೋಟಾನುಗಳು ಬಂದು ಬೀಳುತ್ತವೆ. ಅಡಿಕೆ ಗಟಗಟ ಒಣಗುವಷ್ಟು ಶಕ್ತಿ ಅದು. ಅಷ್ಟೂ ಬೆಳಕು ಸೇರಿ ಇಡೀ ಅಂಗಳವನ್ನು ತಳ್ಳುವ ಬಲ? ಸುಮಾರು 34 ಮಿಲಿಗ್ರಾಂ ತೂಕದಷ್ಟು. ಒಂದೆರಡು ಅಕ್ಕಿಕಾಳು. ಶಕ್ತಿಯನ್ನು ಸೆಕೆಂಡಿಗೆ 30 ಕೋಟಿ ಮೀಟರ್ ಎಂಬ ದೊಡ್ಡ ಸಂಖ್ಯೆಯಿಂದ ಭಾಗಿಸುತ್ತೇವಲ್ಲ, ಅದಕ್ಕೇ ಇಷ್ಟು ಕಡಿಮೆ. ಬಿಸಿಲಿಗೆ ಮೈ ಸುಡುತ್ತದೆ, ಆದರೆ ಬಿಸಿಲು ನೂಕಿ ನಾವು ಯಾರೂ ಬಿದ್ದಿಲ್ಲ. ಅದಕ್ಕೇ ಈ ಬಲ ನಮ್ಮ ಅನುಭವಕ್ಕೆ ಬಂದಿಲ್ಲ, ನಂಬಲೂ ಕಷ್ಟ.

ಇಡೀ ಭೂಮಿಗೆ ಲೆಕ್ಕ ಹಾಕಿದರೆ ಸುಮಾರು 59 ಸಾವಿರ ಟನ್ ತೂಕದಷ್ಟು ಬಲ ಬರುತ್ತದೆ. ಪಣಂಬೂರಿನ ಬಂದರಿಗೆ ಬರುವ ಒಂದು ಸರಕು ಹಡಗಿನಷ್ಟು. ಭೂಮಿಗೆ ಅದು ಲೆಕ್ಕಕ್ಕೇ ಇಲ್ಲ. ಸೂರ್ಯನ ಗುರುತ್ವ ಅದಕ್ಕಿಂತ ಲಕ್ಷಾಂತರ ಕೋಟಿ ಪಾಲು ಬಿಗಿಯಾಗಿ ಹಿಡಿದಿದೆ.

ಹಾಗಾದರೆ ಧೂಮಕೇತುವಿನ ಧೂಳು ಯಾಕೆ ಹಾರುತ್ತದೆ? ಭತ್ತ ತೂರುವುದನ್ನು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಗೆರಸೆಯಿಂದ ಸುರಿದಾಗ ಕಾಳು ನೆಟ್ಟಗೆ ಕೆಳಗೆ ಬೀಳುತ್ತದೆ, ಹೊಟ್ಟು ಗಾಳಿಗೆ ಸರಿದು ಹೋಗುತ್ತದೆ. ಗಾಳಿಗೆ ಸಿಗುವುದು ಮೈಯ ಅಗಲ, ಭೂಮಿ ಎಳೆಯುವುದು ಒಳಗಿನ ದ್ರವ್ಯ. ಕಣ ಸಣ್ಣದಾದಷ್ಟೂ ದ್ರವ್ಯ ಬೇಗ ಕಡಿಮೆಯಾಗುತ್ತದೆ, ಮೈಯ ಅಗಲ ಅಷ್ಟು ಬೇಗ ಕಡಿಮೆಯಾಗುವುದಿಲ್ಲ. ಒಂದು ಮೈಕ್ರಾನಿನ, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲಿನ, ಆಸುಪಾಸಿನ ಧೂಳಿಗೆ ಬೆಳಕಿನ ತಳ್ಳು ಸೂರ್ಯನ ಎಳೆತಕ್ಕೆ ಸರಿಸಮ ಆಗುವಷ್ಟು ಏರುತ್ತದೆ. ಧೂಮಕೇತುವಿನ ತಲೆ ಕಾಳು. ಬಾಲ ಹೊಟ್ಟು. ಧೂಮಕೇತುವಿಗೆ ಇನ್ನೊಂದು ನೀಲಿ ಬಾಲವೂ ಇರುತ್ತದೆ, ಅದನ್ನು ಎಳೆದೊಯ್ಯುವುದು ಬೆಳಕಲ್ಲ, ಸೂರ್ಯನಿಂದ ಹೊರಡುವ ವಿದ್ಯುತ್ ಕಣಗಳ ಗಾಳಿ. ಎರಡನ್ನೂ ಬೆರೆಸಿ ಹೇಳುವವರಿದ್ದಾರೆ, ಅದು ತಪ್ಪು.

ಸೂರ್ಯನ ಕಡೆಯಿಂದ ಏನೋ ತಳ್ಳುತ್ತಿದೆ ಎಂದು ಮೊದಲು ಸರಿಯಾಗಿ ಊಹಿಸಿದವನು ಕೆಪ್ಲರ್, 1619ರಲ್ಲಿ. ಎಷ್ಟು ತಳ್ಳುತ್ತದೆ ಎಂದು ಲೆಕ್ಕ ಹಾಕಿ ಹೇಳಿದವನು ಮ್ಯಾಕ್ಸ್‌ವೆಲ್, 1873ರಲ್ಲಿ. ಅಳೆದು ತೋರಿಸಿದವರು ಎರಡು ಕಡೆಯವರು. ಮಾಸ್ಕೋದಲ್ಲಿ ಲೆಬೆಡೆವ್, ಅಮೆರಿಕದಲ್ಲಿ ನಿಕೋಲ್ಸ್ ಮತ್ತು ಹಲ್. ಗಾಳಿ ತೆಗೆದ ಗಾಜಿನ ಬುರುಡೆಯೊಳಗೆ ತೆಳುವಾದ ರೆಕ್ಕೆಗಳನ್ನು ಎಳೆಯೊಂದಕ್ಕೆ ತೂಗುಹಾಕಿ, ಬೆಳಕು ಬಿಟ್ಟು, ಎಳೆ ಎಷ್ಟು ತಿರುಚಿಕೊಂಡಿತು ಎಂದು ನೋಡಿದರು. ಎರಡೂ ಕಡೆಯ ಫಲಿತಾಂಶ ಪ್ರಕಟವಾದದ್ದು 1901ರಲ್ಲಿ. ನಮ್ಮ ಕಾಪುವಿನ ದೀಪಸ್ತಂಭ ಕಟ್ಟಿದ್ದೂ ಅದೇ 1901ರಲ್ಲಿ. ಬೆಳಕು ತಳ್ಳುತ್ತದೆ ಎಂದು ಜಗತ್ತಿಗೆ ಗಟ್ಟಿಯಾಗಿ ಗೊತ್ತಾದ ವರ್ಷವೇ ನಮ್ಮ ಬಂಡೆಯ ಮೇಲೆ ದೀಪ ನಿಂತಿತು ಎನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ. ಆ ದೀಪ ಸಮುದ್ರದ ಕಡೆ ಕಿರಣ ಎಸೆದಾಗೆಲ್ಲ ಗೋಪುರಕ್ಕೆ ದಡದ ಕಡೆ ಒಂದು ಸಣ್ಣ ನೂಕು ಬೀಳುತ್ತದೆ. ಕಿರಣದಲ್ಲಿ 1,000 ವ್ಯಾಟ್ ಬೆಳಕು ಇದ್ದರೂ ಆ ನೂಕು ಅರ್ಧ ಮಿಲಿಗ್ರಾಂ ತೂಕವನ್ನೂ ಮುಟ್ಟುವುದಿಲ್ಲ. ಆದರೆ ಇದೆ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ನಾನು ಹೈಸ್ಕೂಲಿನಲ್ಲಿದ್ದಾಗ ಲ್ಯಾಬಿನ ಕಪಾಟಿನಲ್ಲಿ ಒಂದು ಗಾಜಿನ ಬುರುಡೆ ಇತ್ತು. ಒಳಗೆ ನಾಲ್ಕು ಪುಟ್ಟ ರೆಕ್ಕೆ, ಒಂದು ಕಡೆ ಕಪ್ಪು, ಇನ್ನೊಂದು ಕಡೆ ಬೆಳ್ಳಿ ಬಣ್ಣ. ಬಿಸಿಲಿಗೆ ಇಟ್ಟರೆ ಗಿರಗಿರ ತಿರುಗುತ್ತಿತ್ತು. ನೋಡಿ ಮಕ್ಕಳೇ, ಬೆಳಕು ತಳ್ಳುತ್ತಿದೆ ಎಂದು ಮೇಷ್ಟ್ರು ತೋರಿಸಿದರು. ನಾನು ವರ್ಷಗಟ್ಟಲೆ ಅದನ್ನೇ ನಂಬಿದ್ದೆ. ಆಮೇಲೆ ಗೊತ್ತಾಯಿತು, ಅದು ತಿರುಗುವುದು ಉಲ್ಟಾ. ಬೆಳಕಿನ ತಳ್ಳು ಕಾರಣವಾಗಿದ್ದರೆ ಎರಡು ಪಾಲು ನೂಕು ತಿನ್ನುವ ಬೆಳ್ಳಿ ಮೈ ಹಿಂದೆ ಸರಿಯಬೇಕಿತ್ತು. ಆದರೆ ಹಿಂದೆ ಸರಿಯುವುದು ಕಪ್ಪು ಮೈ. ಬುರುಡೆಯಲ್ಲಿ ಉಳಿದಿರುವ ಸ್ವಲ್ಪ ಗಾಳಿ ಕಪ್ಪು ಮೈಯ ಬಿಸಿಗೆ ಜೋರಾಗಿ ಓಡಾಡಿ ಅದನ್ನು ತಳ್ಳುತ್ತದೆ. ಗಾಳಿಯನ್ನು ಪೂರ್ತಿ ತೆಗೆದರೆ ಆ ಆಟಿಕೆ ತಿರುಗುವುದೇ ಇಲ್ಲ. ಕ್ರೂಕ್ಸ್ ರೇಡಿಯೋಮೀಟರ್ ಎಂಬ ಹೆಸರಿನಲ್ಲಿ ಇದು ಈಗಲೂ ಮಾರಾಟಕ್ಕಿದೆ. ಮಕ್ಕಳಿಗೆ ಕೊಡಿಸಿ, ಆದರೆ ಸರಿಯಾದ ಕಾರಣ ಹೇಳಿ ಕೊಡಿಸಿ.

ಇನ್ನು ದ್ರವ್ಯರಾಶಿಯ ಮಾತು. ಟ್ಯೂಷನ್ ನೋಟ್ಸ್‌ಗಳಲ್ಲಿ ಒಂದು ಸಾಲು ಸಿಗುತ್ತದೆ: ಫೋಟಾನಿನ ನಿಶ್ಚಲ ದ್ರವ್ಯರಾಶಿ ಸೊನ್ನೆ, ಆದರೆ ಚಲಿಸುವಾಗ ದ್ರವ್ಯರಾಶಿ ಇದೆ. ಶಕ್ತಿಯನ್ನು ಸಿ ಸ್ಕ್ವೇರ್‌ನಿಂದ ಭಾಗಿಸಿ, ಬಂದದ್ದನ್ನು ದ್ರವ್ಯರಾಶಿ ಎಂದು ಕರೆಯುವುದು. ಕೇಳಲು ಸಮಾಧಾನ ಕೊಡುತ್ತದೆ. ದ್ರವ್ಯರಾಶಿ ಇದೆ, ಹಾಗಾಗಿ ತಳ್ಳುತ್ತದೆ ಎಂದು ಮುಗಿಸಿಬಿಡಬಹುದು. ನನ್ನ ಪ್ರಕಾರ ಈ ಸಾಲನ್ನು ಬಿಟ್ಟುಬಿಡುವುದೇ ಒಳ್ಳೆಯದು. ಐನ್‌ಸ್ಟೈನ್ ಸ್ವತಃ 1948ರ ಒಂದು ಪತ್ರದಲ್ಲಿ ಚಲಿಸುವ ವಸ್ತುವಿನ ದ್ರವ್ಯರಾಶಿ ಎಂಬ ಕಲ್ಪನೆ ತರುವುದು ಒಳ್ಳೆಯದಲ್ಲ, ನಿಶ್ಚಲ ದ್ರವ್ಯರಾಶಿಯೊಂದೇ ಸಾಕು ಎಂದು ಬರೆದಿದ್ದಾರೆ.

ಇದು ಬರೀ ಹೆಸರಿನ ಜಗಳ ಅಲ್ಲ. ಆ ಕಲ್ಪನೆಯನ್ನು ನಂಬಿ ಹೊರಟರೆ ತಪ್ಪು ಉತ್ತರ ಬರುತ್ತದೆ. ಸೂರ್ಯನ ಪಕ್ಕದಲ್ಲಿ ಹಾದುಬರುವ ನಕ್ಷತ್ರದ ಬೆಳಕು ಎಷ್ಟು ಬಾಗಬೇಕು? ಬೆಳಕನ್ನು ದ್ರವ್ಯರಾಶಿ ಇರುವ ಪುಟ್ಟ ಗುಂಡು ಎಂದುಕೊಂಡು ನ್ಯೂಟನ್ ಲೆಕ್ಕ ಮಾಡಿದರೆ 0.87 ಆರ್ಕ್‌ಸೆಕೆಂಡ್ ಬರುತ್ತದೆ (ಒಂದು ಡಿಗ್ರಿಯ 3,600ರಲ್ಲಿ ಒಂದು ಪಾಲು ಒಂದು ಆರ್ಕ್‌ಸೆಕೆಂಡ್). ಐನ್‌ಸ್ಟೈನ್ ಲೆಕ್ಕದಲ್ಲಿ ಅದರ ಎರಡರಷ್ಟು, 1.75. 1919ರ ಮೇ 29ರ ಪೂರ್ಣ ಗ್ರಹಣದಲ್ಲಿ ಬ್ರೆಜಿಲಿನ ಸೊಬ್ರಾಲ್ ಮತ್ತು ಆಫ್ರಿಕಾದ ಪಶ್ಚಿಮಕ್ಕಿರುವ ಪ್ರಿನ್ಸಿಪೆ ದ್ವೀಪದಲ್ಲಿ ಫೋಟೋ ತೆಗೆದು ನೋಡಿದರು. ಅಳತೆ ಐನ್‌ಸ್ಟೈನ್ ಕಡೆ ನಿಂತಿತು. ಆಮೇಲೆ ರೇಡಿಯೋ ಅಲೆಗಳಿಂದ ಇನ್ನೂ ಸೂಕ್ಷ್ಮವಾಗಿ ಅಳೆದಾಗಲೂ ಅದೇ ಉತ್ತರ. ಬೆಳಕು ಬಾಗುವುದು ತನ್ನ ತೂಕದಿಂದಲ್ಲ. ಸೂರ್ಯನ ಸುತ್ತ ದೇಶ (ಸ್ಪೇಸ್) ಮತ್ತು ಕಾಲವೇ ಬಾಗಿವೆ, ಬೆಳಕು ಆ ದಾರಿಯಲ್ಲಿ ಬರುತ್ತದೆ.

ಆದರೆ ಒಂದು ಚಂದದ ತಿರುವು ಇದೆ. ಒಳಗೆಲ್ಲ ಕನ್ನಡಿ ಇರುವ ಪೆಟ್ಟಿಗೆಯಲ್ಲಿ ಬೆಳಕನ್ನು ತುಂಬಿ ಮುಚ್ಚಿದರೆ ಆ ಪೆಟ್ಟಿಗೆ ಖಾಲಿ ಪೆಟ್ಟಿಗೆಗಿಂತ ಜಾಸ್ತಿ ತೂಗುತ್ತದೆ. ದ್ರವ್ಯರಾಶಿ ಇಲ್ಲದ್ದನ್ನು ತುಂಬಿದರೆ ದ್ರವ್ಯರಾಶಿ ಹೇಗೆ ಏರಿತು? ಮತ್ತೆ ಆ ತ್ರಿಭುಜಕ್ಕೆ ಬನ್ನಿ. ಒಂದು ಫೋಟಾನ್ ಎಡಕ್ಕೆ, ಇನ್ನೊಂದು ಬಲಕ್ಕೆ ಓಡುತ್ತಿದೆ. ಎರಡರ ಸಂವೇಗ ಎದುರುಬದುರಾಗಿ ಕಳೆದುಹೋಗಿ ಸೊನ್ನೆ. ಶಕ್ತಿ ಮಾತ್ರ ಕೂಡಿಕೊಂಡಿದೆ. ಶಕ್ತಿ ಇದೆ, ಸಂವೇಗ ಇಲ್ಲ ಅಂದರೆ ಉಳಿಯುವುದು ದ್ರವ್ಯರಾಶಿಯ ಬದಿಯೇ. ಒಂಟಿ ಫೋಟಾನಿಗೆ ಇಲ್ಲದ ದ್ರವ್ಯರಾಶಿ ಜೋಡಿಗೆ ಬಂತು. ದ್ರವ್ಯರಾಶಿ ಅಂದರೆ ಅಂಗಡಿಯಲ್ಲಿ ಅಕ್ಕಿ ಬೆಲ್ಲ ತೂಗಿ ಕೂಡಿಸಿದ ಹಾಗೆ ಬಿಡಿಬಿಡಿಯಾಗಿ ಕೂಡಿಸುವ ವಸ್ತುವಲ್ಲ. ನಾನು ಇದನ್ನು ಮೊದಲ ಸಲ ಅರ್ಥ ಮಾಡಿಕೊಂಡ ರಾತ್ರಿ ನಿದ್ದೆ ಬರಲಿಲ್ಲ. ಸೂರ್ಯ ಪ್ರತಿ ಸೆಕೆಂಡಿಗೆ ಸುಮಾರು 42 ಲಕ್ಷ ಟನ್ ಕಳೆದುಕೊಳ್ಳುತ್ತಿದ್ದಾನೆ. ಹೊರಗೆ ಹೋಗುವ ಬೆಳಕಿನ ಒಂದೊಂದು ಕಣಕ್ಕೂ ದ್ರವ್ಯರಾಶಿ ಇಲ್ಲ. ಎರಡೂ ಮಾತು ನಿಜ.

ಇಷ್ಟಕ್ಕೂ ಆ ಸೊನ್ನೆ ನಿಜಕ್ಕೂ ಸೊನ್ನೆಯೇ? ಯಾವ ಅಳತೆಯೂ ಪೂರ್ತಿ ಸೊನ್ನೆ ಎಂದು ಸಾಧಿಸಲು ಆಗುವುದಿಲ್ಲ. ಇದ್ದರೆ ಇದಕ್ಕಿಂತ ಕಡಿಮೆ ಎಂದಷ್ಟೇ ಹೇಳಬಹುದು. ಅದನ್ನು ಹೇಳುವ ದಾರಿ ಸೊಗಸಾಗಿದೆ. ಎರಡು ಆಯಸ್ಕಾಂತಗಳ ನಡುವಿನ ಸೆಳೆತ, ಎರಡು ವಿದ್ಯುತ್ ಕಣಗಳ ನಡುವಿನ ನೂಕು, ಇವನ್ನೂ ಹೊತ್ತು ಸಾಗಿಸುವವು ಫೋಟಾನುಗಳೇ. ಹೊತ್ತೊಯ್ಯುವವನಿಗೆ ದ್ರವ್ಯರಾಶಿ ಇದ್ದರೆ ಬಲ ದೂರ ಹೋಗುವುದಿಲ್ಲ, ನಡುದಾರಿಯಲ್ಲೇ ಸೋತುಹೋಗುತ್ತದೆ. ಪರಮಾಣುವಿನ ಬೀಜದೊಳಗೆ ಕೆಲಸ ಮಾಡುವ ದುರ್ಬಲ ಬಲ ಹಾಗೆಯೇ. ಅದನ್ನು ಹೊರುವ ಡಬ್ಲ್ಯು ಮತ್ತು ಝಡ್ ಕಣಗಳು ಪ್ರೋಟಾನಿಗಿಂತ 80-100 ಪಟ್ಟು ಭಾರ, ಹಾಗಾಗಿ ಆ ಬಲ ಬೀಜದಿಂದ ಹೊರಗೇ ಬರುವುದಿಲ್ಲ. ಮಲ್ಪೆಯಿಂದ ಹೊರಟ ದೋಣಿಯ ದಿಕ್ಸೂಚಿ ಆಳ ಸಮುದ್ರದಲ್ಲೂ ಉತ್ತರ ತೋರಿಸುತ್ತದೆ ಅಂದರೆ, ಭೂಮಿಯ ನಡುವಿನಿಂದ ಸಾವಿರಾರು ಕಿಲೋಮೀಟರ್ ದಾಟಿ ಆ ಬಲ ಸೋಲದೆ ಬಂದಿದೆ ಎಂದರ್ಥ.

ಇನ್ನೂ ದೊಡ್ಡ ಆಯಸ್ಕಾಂತ ಗುರುಗ್ರಹ. ಪಯೋನಿಯರ್ 10 ನೌಕೆ 1973ರ ಡಿಸೆಂಬರ್‌ನಲ್ಲಿ ಗುರುವಿನ ಪಕ್ಕ ಹಾದುಹೋಗುವಾಗ ಅದರ ಕಾಂತಕ್ಷೇತ್ರವನ್ನು ಅಳೆಯಿತು. ಅಷ್ಟು ದೂರದವರೆಗೂ ಕ್ಷೇತ್ರ ಎಲ್ಲೂ ಸೋತಿರಲಿಲ್ಲ. ಆ ಅಳತೆಯಿಂದ 1975ರಲ್ಲಿ ಫೋಟಾನಿನ ದ್ರವ್ಯರಾಶಿಗೆ ಒಂದು ಮೇಲ್ಮಿತಿ ಸಿಕ್ಕಿತು. ಆಮೇಲೆ ಸೂರ್ಯನ ಗಾಳಿಯ ಕಾಂತಕ್ಷೇತ್ರವನ್ನು ಬಳಸಿ ಅದನ್ನು ಇನ್ನೂ ಕೆಳಗೆ ಇಳಿಸಿದರು. ಈಗ ಕೊಡುವ ಮಿತಿಯನ್ನು ಕಿಲೋಗ್ರಾಂನಲ್ಲಿ ಬರೆದರೆ ದಶಮಾಂಶ ಚುಕ್ಕೆಯ ನಂತರ 53 ಸೊನ್ನೆ, ಆಮೇಲೆ 2. ಎಲೆಕ್ಟ್ರಾನಿಗೆ ಆ ಸೊನ್ನೆಗಳು 30 ಮಾತ್ರ. ಇದ್ದರೂ ಇಷ್ಟಕ್ಕಿಂತ ಕಡಿಮೆ. ನಮ್ಮ ಸಿದ್ಧಾಂತ ಹೇಳುವುದು ಸೊನ್ನೆ ಎಂದೇ.

ಪಯೋನಿಯರ್ ಕತೆಗೆ ಎರಡನೇ ಭಾಗವೂ ಇದೆ. ಸೂರ್ಯನಿಂದ ದೂರ ಹೋಗುತ್ತಾ ಆ ನೌಕೆ ಲೆಕ್ಕಕ್ಕಿಂತ ಒಂಚೂರು ಜಾಸ್ತಿ ನಿಧಾನವಾಗುತ್ತಿತ್ತು. ಅದರ ಜೋಡಿ ಪಯೋನಿಯರ್ 11 ಕೂಡ. ಗುರುತ್ವದ ನಿಯಮವೇ ತಪ್ಪಿರಬಹುದೇ ಎಂದು ವರ್ಷಗಟ್ಟಲೆ ಚರ್ಚೆ ನಡೆಯಿತು. 2012ರಲ್ಲಿ ಉತ್ತರ ಸಿಕ್ಕಿತು. ನೌಕೆಯ ಒಳಗಿನ ಶಾಖ ಎಲ್ಲ ದಿಕ್ಕಿಗೂ ಸಮನಾಗಿ ಹೋಗದೆ ಮುಂದಿನ ಕಡೆಗೆ ಸ್ವಲ್ಪ ಜಾಸ್ತಿ ಹೋಗುತ್ತಿತ್ತು. ಹಾಗೆ ಹೊರಗೆ ಹೊರಡುವ ಶಾಖ ಅಂದರೆ ಕಣ್ಣಿಗೆ ಕಾಣದ ಅವಕೆಂಪು ಬೆಳಕು. ಅದೂ ಹೊರಡುವಾಗ ಹಿಂದಕ್ಕೆ ಒದೆಯುತ್ತದೆ. ಸುಮಾರು 60 ವ್ಯಾಟಿನ ವ್ಯತ್ಯಾಸ, ಹಳೆಯ ಕಾಲದ ಒಂದು ಬಲ್ಬಿನಷ್ಟು, ಕಾಲು ಟನ್ ತೂಕದ ನೌಕೆಯ ಓಟವನ್ನು ಕಣ್ಣಿಗೆ ಕಾಣುವಷ್ಟು ಬದಲಿಸಿತ್ತು. ಒಂದೇ ನೌಕೆ ಬೆಳಕಿನ ದ್ರವ್ಯರಾಶಿ ಇಲ್ಲವೆನ್ನುವಷ್ಟು ಕಡಿಮೆ ಎಂದೂ ತೋರಿಸಿತು, ಆದರೂ ಅದು ತಳ್ಳುತ್ತದೆ ಎಂದೂ ತೋರಿಸಿತು.

ನಮ್ಮ ಊರಿಗೆ ಹತ್ತಿರದ ಉದಾಹರಣೆಯೂ ಇದೆ. ಉಡುಪಿಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಇಸ್ರೋದ ಅಧ್ಯಕ್ಷರಾಗಿದ್ದಾಗ, 1992ರಲ್ಲಿ, ಇನ್ಸಾಟ್-2ಎ ಹಾರಿತು. ಮೋಡದ ಚಿತ್ರ ತೆಗೆಯುವ ಅದರ ಉಪಕರಣ ತಣ್ಣಗಿರಬೇಕಿತ್ತು. ಹಾಗಾಗಿ ಉತ್ತರದ ಕಡೆ ಸೌರ ಫಲಕ ಇಡುವ ಹಾಗಿರಲಿಲ್ಲ. ಫಲಕ ಎಲ್ಲ ಒಂದೇ ಕಡೆ. ಬಿಸಿಲು ಒಂದೇ ಕಡೆ ತಳ್ಳುತ್ತಾ ಹೋದರೆ ಉಪಗ್ರಹ ನಿಧಾನಕ್ಕೆ ತಿರುಗಿಬಿಡುತ್ತದೆ. ಅದಕ್ಕೆ ಎಂಜಿನಿಯರುಗಳು ಇನ್ನೊಂದು ಕಡೆ ಉದ್ದನೆಯ ಕೋಲಿನ ತುದಿಗೆ ಒಂದು ಹಾಯಿ ಕಟ್ಟಿದರು. ಅಲ್ಲಿಯೂ ಬಿಸಿಲು ಬಿದ್ದು ತಳ್ಳು ಸಮ ಆಯಿತು. ಸಣ್ಣ ದೋಣಿ ಒಂದು ಕಡೆ ವಾಲದಂತೆ ಪಕ್ಕಕ್ಕೆ ಮರದ ತುಂಡು ಕಟ್ಟುತ್ತಾರಲ್ಲ, ಅದೇ ಉಪಾಯ. 2003ರ ಇನ್ಸಾಟ್-3ಎಯಲ್ಲೂ ಹೀಗೆಯೇ ಮಾಡಿದ್ದರು. ಹಾಸನದ ಕೇಂದ್ರದಿಂದ ಇವುಗಳನ್ನು ನೋಡಿಕೊಳ್ಳುತ್ತಿದ್ದರು. ಮಳೆಗಾಲದ ಮುಂಚೆ ಮೀನುಗಾರರು ಟಿವಿಯಲ್ಲಿ ನೋಡುತ್ತಿದ್ದ ಮೋಡದ ಚಿತ್ರದ ಹಿಂದೆ ಬೆಳಕಿನ ತಳ್ಳಿನ ಲೆಕ್ಕ ಇತ್ತು.

ಹಾಯಿಯನ್ನೇ ಎಂಜಿನ್ ಮಾಡಿಕೊಂಡ ನೌಕೆಯೂ ಇದೆ. ಜಪಾನಿನ ಇಕಾರೋಸ್ 2010ರಲ್ಲಿ 14 ಮೀಟರ್ ಚೌಕದ ತೆಳು ಹಾಯಿ ಬಿಚ್ಚಿತು. ಅದರ ಮೇಲೆ ಬಿದ್ದ ಬೆಳಕಿನ ಬಲ 1.12 ಮಿಲಿನ್ಯೂಟನ್, ನಾಲ್ಕೈದು ಅಕ್ಕಿಕಾಳಿನ ತೂಕ. ನೌಕೆ ಸುಮಾರು 310 ಕಿಲೋ. ಆದರೆ ಅಲ್ಲಿ ಗಾಳಿ ಇಲ್ಲ, ಘರ್ಷಣೆ ಇಲ್ಲ, ಇಂಧನ ಮುಗಿಯುವ ಚಿಂತೆ ಇಲ್ಲ. ಅಷ್ಟೇ ತಳ್ಳು ಒಂದು ವರ್ಷ ನಿಲ್ಲದೆ ಸಿಕ್ಕಿದರೆ ವೇಗ ಸೆಕೆಂಡಿಗೆ 100 ಮೀಟರಿಗಿಂತ ಜಾಸ್ತಿ ಏರುತ್ತದೆ. 2024ರಲ್ಲಿ ನಾಸಾ ಇಂಥದ್ದೇ ಇನ್ನೊಂದು ಹಾಯಿಯನ್ನು, ಸುಮಾರು 80 ಚದರ ಮೀಟರಿನದ್ದು, ಭೂಮಿಯ ಸುತ್ತ ಬಿಚ್ಚಿ ನೋಡಿದೆ.

ಸಣ್ಣದರ ಕಡೆ ಹೋದರೆ ಮಣಿಪಾಲದಲ್ಲೇ ಕೆಲಸ ನಡೆದಿದೆ. ಲೇಸರನ್ನು ಒಂದು ಬಿಂದುವಿಗೆ ಕೂಡಿಸಿದರೆ ಸೂಕ್ಷ್ಮ ಕಣವೊಂದು ಬಂದು ಅಲ್ಲಿ ಸಿಕ್ಕಿಕೊಳ್ಳುತ್ತದೆ. ಕಣ ಬೆಳಕನ್ನು ಬಾಗಿಸುತ್ತದೆ, ಬಾಗಿದ ಬೆಳಕು ಕಣವನ್ನು ನಡುವಿಗೆ ಎಳೆಯುತ್ತದೆ. ಆರ್ಥರ್ ಆಶ್ಕಿನ್ 1986ರಲ್ಲಿ ಮಾಡಿ ತೋರಿಸಿದ ಈ ಬೆಳಕಿನ ಚಿಮುಟಕ್ಕೆ 2018ರಲ್ಲಿ ನೊಬೆಲ್ ಬಂತು, ಆಗ ಅವರಿಗೆ 96 ವರ್ಷ. ಮಣಿಪಾಲದ ಮಾಹೆ ವಿಶ್ವವಿದ್ಯಾಲಯದ ಅಟಾಮಿಕ್ ಅಂಡ್ ಮಾಲಿಕ್ಯುಲರ್ ಫಿಸಿಕ್ಸ್ ವಿಭಾಗದಲ್ಲಿ ಇಂಥ ಚಿಮುಟದಲ್ಲಿ ಒಂದೊಂದೇ ಕೆಂಪು ರಕ್ತಕಣವನ್ನು ಹಿಡಿದು, ರಾಮನ್ ಪರಿಣಾಮದ (ಬೆಳಕು ಚದುರುವಾಗ ಅದರ ಬಣ್ಣ ಬದಲಾಗುವುದು) ಮೂಲಕ ಅದರ ಸ್ಥಿತಿ ಹೇಗಿದೆ ಎಂದು ಪರೀಕ್ಷಿಸಿದ್ದಾರೆ. ಪಿಯು ಮಕ್ಕಳು ಇಂಥದ್ದನ್ನು ಒಮ್ಮೆ ಕಣ್ಣಾರೆ ನೋಡುವಂತಾದರೆ ಎಷ್ಟು ಚೆನ್ನ.

ಕೊನೆಗೆ ಒಂದು ವಿಷಯ, ಯಾಕೆಂದರೆ 2025ರ ಫೆಬ್ರವರಿಯಲ್ಲಿ ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಇದು ಬಹಳ ಓಡಾಡಿತ್ತು. 2024 ವೈಆರ್4 ಎಂಬ ಕ್ಷುದ್ರಗ್ರಹ 2032ರ ಡಿಸೆಂಬರ್ 22ರಂದು ಭೂಮಿಗೆ ಬಡಿಯುವ ಸಾಧ್ಯತೆ ಶೇ. 3.1ರವರೆಗೆ ಏರಿತ್ತು. ಬೀಳಬಹುದಾದ ಜಾಗಗಳ ಪಟ್ಟಿಯಲ್ಲಿ ಅರಬ್ಬಿ ಸಮುದ್ರವೂ ಇತ್ತು. ಕೆಲವೇ ದಿನಗಳಲ್ಲಿ ಹೊಸ ಅಳತೆ ಬಂದು ಆ ಭಯ ಹೋಯಿತು. ಆಗ ಹಲವರು ಕೇಳಿದರು, ವಿಜ್ಞಾನಿಗಳ ಲೆಕ್ಕ ಯಾಕೆ ಹೀಗೆ ಬದಲಾಗುತ್ತದೆ? ವೈಆರ್4 ವಿಷಯದಲ್ಲಿ ಕಾರಣ ಸರಳ, ಮೊದಲು ಅಳತೆ ಕಡಿಮೆ ಇತ್ತು. ಆದರೆ ನೂರಾರು ವರ್ಷ ಮುಂದಿನ ಲೆಕ್ಕಕ್ಕೆ ಬೆಳಕಿನ ತಳ್ಳು ಬೇಕೇ ಬೇಕು.

ಬೇಸಿಗೆಯಲ್ಲಿ ಸಂಜೆ ಮುರಕಲ್ಲಿನ ಗೋಡೆಯ ಹತ್ತಿರ ಕೈ ಹಿಡಿದು ನೋಡಿ. ಸೂರ್ಯ ಮುಳುಗಿದರೂ ಬಿಸಿ ಬರುತ್ತಿರುತ್ತದೆ. ತಿರುಗುವ ಕ್ಷುದ್ರಗ್ರಹವೂ ಹಾಗೆ ಮಧ್ಯಾಹ್ನದ ಬಿಸಿಯನ್ನು ಸ್ವಲ್ಪ ತಡವಾಗಿ, ಸಂಜೆಯ ಮಗ್ಗುಲಿನಿಂದ ಹೊರಗೆ ಬಿಡುತ್ತದೆ. ಹಾಗೆ ಹೊರಡುವ ಫೋಟಾನುಗಳು ಕಲ್ಲನ್ನು ಒಂದೇ ದಿಕ್ಕಿಗೆ ಒದೆಯುತ್ತಾ ಇರುತ್ತವೆ. ಇದಕ್ಕೆ ಯಾರ್ಕೋವ್‌ಸ್ಕಿ ಪರಿಣಾಮ ಎಂದು ಹೆಸರು. ಗೊಲೆವ್ಕಾ ಎಂಬ ಅರ್ಧ ಕಿಲೋಮೀಟರ್ ಅಗಲದ ಕಲ್ಲು 1991ರಿಂದ 2003ರ ನಡುವೆ ಇದರಿಂದ 15 ಕಿಲೋಮೀಟರ್ ಪಕ್ಕಕ್ಕೆ ಸರಿದದ್ದನ್ನು ರಾಡಾರಿನಲ್ಲಿ ಅಳೆದಿದ್ದಾರೆ. ಅದೇ ಗಾತ್ರದ, ಬೆನ್ನು ಎಂಬ ಹೆಸರಿನ ಕ್ಷುದ್ರಗ್ರಹಕ್ಕೆ ನಾಸಾದ ಓಸಿರಿಸ್-ರೆಕ್ಸ್ ನೌಕೆ ಹೋಗಿ ಹತ್ತಿರದಿಂದಲೇ ಗಮನಿಸಿತು. ಬೆನ್ನುವಿನ ಕಕ್ಷೆ ವರ್ಷಕ್ಕೆ 284 ಮೀಟರಿನಂತೆ ಕುಗ್ಗುತ್ತಿದೆ. 7 ಕೋಟಿ ಟನ್ನಿನ ಕಲ್ಲು ಅದು, ನೂಕುತ್ತಿರುವುದು ಅದರದ್ದೇ ಬಿಸಿಯ ಬೆಳಕು. 2182ರ ಸೆಪ್ಟೆಂಬರ್ 24ರಂದು ಅದು ಭೂಮಿಗೆ ಬಡಿಯುವ ಸಾಧ್ಯತೆ 2,700ರಲ್ಲಿ ಒಂದು ಎಂದು 2021ರಲ್ಲಿ ಲೆಕ್ಕ ಹಾಕಿ ಹೇಳಿದರು. ಆ 284 ಮೀಟರನ್ನು ಸೇರಿಸದೆ ಈ ಲೆಕ್ಕ ಮಾಡಲು ಸಾಧ್ಯವೇ ಇರಲಿಲ್ಲ.